ನುಡಿಸುವವನ ವಿನಯ, ಕೇಳುವವನ ಸಂಯಮ

ಜರ್ಮನಿಯ ಬಾಖ್ (1685–1750) ಆರ್ಗನ್ ವಾದ್ಯಕ್ಕಾಗಿ ರಚಿಸಿದ ಆರು ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳನ್ನು ಹಂಗೇರಿಯ ಲಿಸ್ಟ್ (1811–1886) ಪಿಯಾನೊಗೆ ಅಳವಡಿಸಿದನು. ಫ್ಯೂಗ್‌ನಲ್ಲಿ ಒಂದೇ ಸ್ವರವಾಕ್ಯವು ಹಲವು ಧಾರೆಗಳಲ್ಲಿ ಒಂದರ ಹಿಂದೊಂದು ಪ್ರವೇಶಿಸಿ ಜೊತೆಯಾಗಿ ಸಾಗುತ್ತದೆ. ಆರ್ಗನ್‌ನಲ್ಲಿ ಬೆರಳು ಒತ್ತಿರುವಷ್ಟು ಕಾಲವೂ ನಾದ ನಿಲ್ಲುತ್ತದೆ. ಕೆಳಧಾರೆಯನ್ನು ಪಾದಗಳು ನುಡಿಸುತ್ತವೆ. ಪಿಯಾನೊದ ನಾದವಾದರೋ ಹುಟ್ಟಿದ ಕ್ಷಣದಿಂದಲೇ ಕ್ಷಯಿಸುತ್ತದೆ; ಪಾದಗಳ ಭಾರವೂ ಕೈಗಳ ಮೇಲೆ ಬೀಳುತ್ತದೆ.

ಕೈಗಳ ಶ್ರಮದಲ್ಲಿ ಮಗ್ನನಾದ ವಾದಕನು ತಾನು ಉದ್ದೇಶಿಸಿದ್ದನ್ನೇ ಕೇಳುತ್ತಾನೆ. ನಡುವಿನ ಧಾರೆ ಮುಳುಗಿದ್ದು ಅವನಿಗೆ ತಿಳಿಯದು. ಆದುದರಿಂದ ಬಲ್ಲವರ ಮುಂದೆ ನುಡಿಸಿ ಅಭಿಪ್ರಾಯ ಬೇಡುತ್ತಾನೆ. ಬೇಡುವುದು ದೋಷದರ್ಶನವನ್ನೋ, ಪ್ರಶಂಸೆಯನ್ನೋ? ಪ್ರಶಂಸೆಯನ್ನಾದರೆ ಅದು ಮಾನಕಷಾಯದ ಪೋಷಣೆಯೇ ಸರಿ. ಗುರುವಿನ ಮುಂದೆ ಮಾಡುವ ಆಲೋಚನೆಯಲ್ಲಿ ದೋಷವನ್ನು ಮರೆಮಾಚಿದವನಿಗೆ ಶುದ್ಧಿಯುಂಟೇ?

ಹೇಳುವವನ ಹೊಣೆ ಇನ್ನೂ ಸೂಕ್ಷ್ಮವಾದುದು. ಸುಳ್ಳು ಹೊಗಳಿಕೆಯಿಂದ ಸತ್ಯಾಣುವ್ರತಕ್ಕೆ ಲೋಪ. ಕಟುನಿಂದೆಯಿಂದ ಅಹಿಂಸೆಗೆ ಲೋಪ. ಮುನಿಗಳ ಭಾಷಾಸಮಿತಿ ಬೋಧಿಸುವ ಹಿತಮಿತ ವಚನವು ಗೃಹಸ್ಥನಿಗೂ ದಾರಿದೀಪ. "ನಿನಗೆ ಬಾರದು" ಎಂಬುದು ವ್ಯಕ್ತಿಯ ಮೇಲಿನ ತೀರ್ಪು. "ಎಡಗೈ ಜೋರಾಯಿತು, ನಡುವಿನ ಧಾರೆ ಕೇಳಲಿಲ್ಲ" ಎಂಬುದು ತಿದ್ದಿಕೊಳ್ಳುವ ದಾರಿ. ಆ ಮಾತೂ ಒಂದು ನಯವಷ್ಟೇ ಎಂಬ ಅರಿವು ಹೇಳಿದವನಿಗಿರಬೇಕು.

ಹಲವು ಧಾರೆಗಳಿಗೆ ಎಡೆಗೊಡುವುದನ್ನೇ ಅಭ್ಯಸಿಸುವವನು ಇನ್ನೊಬ್ಬರ ಒಂದು ಮಾತಿಗೆ ಎಡೆಗೊಡದಿದ್ದರೆ, ಆ ಅಭ್ಯಾಸ ಬೆರಳುಗಳಲ್ಲಿಯೇ ಉಳಿಯಿತು, ಆತ್ಮವನ್ನು ಮುಟ್ಟಲಿಲ್ಲ.