ಅನ್ನದ ಋಣವೂ ಅಂತಃಕರಣವೂ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಲೋಕರೂಢಿಯ ನೀತಿ. ಒಡೆಯನ ಅನ್ನವನ್ನುಂಡವನು ಒಡೆಯನಿಗೆ ನಿಷ್ಠನಾಗಿರತಕ್ಕದ್ದೆಂಬುದು ಅದರ ತಾತ್ಪರ್ಯ. ಆದರೆ ಒಡೆಯನೇ ಅಧರ್ಮಕ್ಕೆ ತೊಡಗಿದ ಪಕ್ಷದಲ್ಲಿ ಆ ಋಣವು ಎಲ್ಲಿಯವರೆಗೆ ಕಟ್ಟುತ್ತದೆ? ಒಬ್ಬ ಸೇವಕನ ಮಟ್ಟಿಗೇ ಈ ಪ್ರಶ್ನೆ ಕಠಿನವಾದುದು. ರಾಜ್ಯದ ಬೊಕ್ಕಸದಿಂದ ವೇತನ ಪಡೆಯುವ ಧರ್ಮಸಂಸ್ಥೆಯ ಮಟ್ಟಿಗೆ ಅದು ಇನ್ನೂ ಕಠಿನವಾಗುತ್ತದೆ. ಏಕೆಂದರೆ ಒಡೆಯನಿಗೂ ಧರ್ಮವನ್ನು ತಿಳಿಯಹೇಳುವುದು ಅದರ ಕರ್ತವ್ಯಗಳಲ್ಲಿ ಒಂದು. ಯೂರೋಪಿನ ಉತ್ತರದಂಚಿನ ನಾರ್ವೆ ದೇಶದ ಚರಿತ್ರೆಯಲ್ಲಿ ಈ ಪ್ರಶ್ನೆಯು ಬರಿಯ ತರ್ಕದ ವಿಷಯವಾಗಿ ಉಳಿಯದೆ ನೂರಾರು ಮನೆಗಳ ಬಾಳಿನ ಪ್ರಶ್ನೆಯಾಗಿ ಬಂದೊದಗಿತು.

ನಾರ್ವೆಯ ಲೂಥರನ್ ಚರ್ಚು ರಾಜಾಜ್ಞೆಯಿಂದ ನೆಲೆಗೊಂಡುದು. ಆಗ ಆ ದೇಶವನ್ನಾಳುತ್ತಿದ್ದ ಡೆನ್ಮಾರ್ಕಿನ ಅರಸು ಮೂರನೆಯ ಕ್ರಿಶ್ಚಿಯನ್ 1537ರಲ್ಲಿ ಪೋಪರ ಅಧಿಕಾರವನ್ನು ತೊಡೆದುಹಾಕಿ ಲೂಥರನ ಮತವನ್ನು ಸ್ಥಾಪಿಸಿದನು. ಮಠಗಳ ಆಸ್ತಿಯು ಅರಸನ ವಶವಾಯಿತು. ಚರ್ಚಿನ ಮೇಲಾಳ್ತನವೂ ಅವನದೇ ಆಯಿತು. 1814ರಲ್ಲಿ ನಾರ್ವೆಯ ಜನರು ತಮ್ಮದೇ ಆದ ಸಂವಿಧಾನವನ್ನು ಬರೆದುಕೊಂಡಾಗಲೂ ಲೂಥರನ ಮತವೇ ರಾಜ್ಯದ ಮತವೆಂದು ಅದರ ಎರಡನೆಯ ವಿಧಿಯು ಸಾರಿತು. ಅದೇ ವಿಧಿಯು ಯೆಹೂದ್ಯರಿಗೆ ದೇಶದೊಳಗೆ ಪ್ರವೇಶವಿಲ್ಲವೆಂದೂ ವಿಧಿಸಿತು. ಆ ನಿಷೇಧವು ತೊಲಗಿದುದು 1851ರಲ್ಲಿ. ಅದಕ್ಕಾಗಿ ಹೋರಾಡಿದ ಕವಿ ಹೆನ್ರಿಕ್ ವೆರ್ಗೆಲಾಂಡನು ಆ ವೇಳೆಗೆ ತೀರಿಕೊಂಡು ಆರು ವರ್ಷಗಳಾಗಿದ್ದುವು.

ರಾಜ್ಯವೂ ಧರ್ಮಪೀಠವೂ ಒಂದಾದಾಗ ಯಾರಿಗೆ ನಷ್ಟವೆಂಬುದಕ್ಕೆ ಹಾನ್ಸ್ ನೀಲ್ಸನ್ ಹೌಗೆಯ ವೃತ್ತಾಂತವು ಸಾಕ್ಷಿ. ಈತನು ರೈತನ ಮಗ. ಹಳ್ಳಿಯಿಂದ ಹಳ್ಳಿಗೆ ಕಾಲುನಡೆಯಲ್ಲಿ ಹೋಗಿ, ಭಕ್ತಿಯು ಹೃದಯದಿಂದ ಹುಟ್ಟಬೇಕೆಂದು ಬೋಧಿಸುತ್ತಿದ್ದನು. ಊರ ಪಾದ್ರಿಯ ಅಂಕೆಗೊಳಗಾಗದ ಧರ್ಮಸಭೆಗಳನ್ನು 1741ರ ರಾಜಶಾಸನವು ನಿಷೇಧಿಸಿತ್ತು. ಅದರ ಬಲದಿಂದ ಅವನನ್ನು 1804ರಲ್ಲಿ ಸೆರೆಹಿಡಿದರು. ವಿಚಾರಣೆಯು ಮುಗಿದು ದಂಡ ನಿಶ್ಚಯವಾಗುವ ಹೊತ್ತಿಗೆ 1814 ಬಂದಿತ್ತು. ನಡುವೆ, ಯುದ್ಧದ ದೆಸೆಯಿಂದ ದೇಶದಲ್ಲಿ ಉಪ್ಪಿನ ಅಭಾವವುಂಟಾದಾಗ, ಉಪ್ಪು ತಯಾರಿಸುವುದಕ್ಕೆಂದು ಅದೇ ಸರ್ಕಾರವು ಅವನನ್ನು 1809ರಲ್ಲಿ ಕೆಲಕಾಲ ಬಿಡುಗಡೆಮಾಡಿತು. ದೇಶಕ್ಕೆ ಉಪ್ಪನ್ನು ಕೊಟ್ಟವನಿಗೆ ದೇಶವು ಮಾತಿನ ಸ್ವಾತಂತ್ರ್ಯವನ್ನು ಕೊಡಲಿಲ್ಲ. ಆ ಶಾಸನವು ರದ್ದಾದುದು 1842ರಲ್ಲಿ.

ಇಂತಹ ಚರ್ಚು ರಾಜಾಧಿಕಾರವನ್ನು ಎದುರಿಸೀತೆಂದು ಯಾರೂ ನಿರೀಕ್ಷಿಸುವಂತಿರಲಿಲ್ಲ. ಆದರೆ 1940ರ ಏಪ್ರಿಲಿನಲ್ಲಿ ಜರ್ಮನ್ ಸೈನ್ಯವು ದೇಶವನ್ನಾಕ್ರಮಿಸಿತು. 1942ರ ಫೆಬ್ರವರಿ 1ರಂದು ಜರ್ಮನರ ಆಶ್ರಯದಲ್ಲಿ ವಿಡ್ಕುನ್ ಕ್ವಿಸ್ಲಿಂಗನು ಪ್ರಧಾನಾಧಿಕಾರಿಯಾದನು. ಆ ದಿನವೇ ಟ್ರಾಂಡ್ಹೈಮಿನ ನಿದರೋಸ್ ಮಹಾದೇವಾಲಯದಲ್ಲಿ ಪ್ರಾತಃಕಾಲದ ಪೂಜೆಯನ್ನು ಅವನ ಪಕ್ಷದ ಪಾದ್ರಿಗೆ ವಹಿಸಲಾಯಿತು. ಅಲ್ಲಿಯ ಡೀನ್ ಆರ್ನೆ ಫ್ಯೆಲ್ಬು ಮಧ್ಯಾಹ್ನ ಪ್ರಾರ್ಥನೆ ನಡೆಸುವನೆಂದು ತಿಳಿದು ಬಂದ ಜನರನ್ನು ಪೊಲೀಸರು ಬಾಗಿಲಲ್ಲಿ ತಡೆದರು. ಒಳಗೆ ಹೋಗಲಾರದವರು ಚಳಿಯಲ್ಲಿ ನಿಂತು ಕೀರ್ತನೆಗಳನ್ನು ಹಾಡಿದರು. ಫ್ಯೆಲ್ಬು ಕೆಲಸದಿಂದ ವಜಾ ಆದನು. ಅದೇ ತಿಂಗಳಿನಲ್ಲಿ, ಮಕ್ಕಳೆಲ್ಲರೂ ಆಳುವ ಪಕ್ಷದ ಯುವಸಂಘಕ್ಕೆ ಸೇರತಕ್ಕದ್ದೆಂಬ ಕಾನೂನು ಹೊರಟಿತು.

ಫೆಬ್ರವರಿ 24ರಂದು ಓಸ್ಲೋ ನಗರದ ಬಿಷಪ್ ಐವಿಂಡ್ ಬೆರ್ಗ್ರಾವರನ್ನೊಳಗೊಂಡು ಬಿಷಪ್ಪರೆಲ್ಲರೂ ರಾಜ್ಯದ ಉದ್ಯೋಗವನ್ನು ಬಿಟ್ಟುಕೊಟ್ಟರು. ಏಪ್ರಿಲ್ 5, ಈಸ್ಟರ್ ಭಾನುವಾರ. ಅಂದು ‘ಚರ್ಚಿನ ಬುನಾದಿ’ ಎಂಬ ಪ್ರಕಟಣೆಯನ್ನು ಊರೂರ ಪೀಠಗಳಿಂದ ಓದಲಾಯಿತು. ಪಾದ್ರಿಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಮಂದಿ ಸರ್ಕಾರಿ ಹುದ್ದೆಯನ್ನು ತ್ಯಜಿಸಿದರು. ಸಂಬಳ ನಿಂತಿತು, ಸಭೆಯ ಜನರು ತಂದುಕೊಟ್ಟ ಕಾಣಿಕೆಯಿಂದ ಅವರ ಮನೆಗಳು ನಡೆದುವು. ಬೆರ್ಗ್ರಾವರನ್ನು ಆಸ್ಕರಿನ ಕಾಡಿನೊಳಗಣ ಒಂದು ಮರದ ಮನೆಯಲ್ಲಿ 1945ರ ಏಪ್ರಿಲಿನವರೆಗೆ ಕಾವಲಿನಲ್ಲಿಟ್ಟರು.

ಅವರ ನಡತೆಯ ಹಿಂದಿದ್ದ ವಿಚಾರವು ಸೂಕ್ಷ್ಮವಾದುದು. ಹುದ್ದೆಯು ರಾಜ್ಯ ಕೊಟ್ಟುದು. ಅದನ್ನು ರಾಜ್ಯಕ್ಕೆ ಹಿಂದಿರುಗಿಸಬಹುದು. ದೀಕ್ಷೆಯು ರಾಜ್ಯ ಕೊಟ್ಟುದಲ್ಲ. ಅದನ್ನು ರಾಜ್ಯವು ಕಸಿಯಲಾರದು. ಆದಕಾರಣ ಅವರು ವೇತನವನ್ನು ಬಿಟ್ಟರೇ ಹೊರತು ಸೇವೆಯನ್ನು ಬಿಡಲಿಲ್ಲ. ಅಧಿಕಾರವು ದೈವದತ್ತವಾದುದು, ಪ್ರಜೆಯು ಅದಕ್ಕೆ ತಲೆಬಾಗಬೇಕು ಎಂಬುದು ಲೂಥರನ ಅನುಯಾಯಿಗಳಲ್ಲಿ ಬೇರೂರಿದ ಭಾವನೆ. ಅದೇ ಲೂಥರನ ಬರಹಗಳನ್ನಾಧರಿಸಿ ಬೆರ್ಗ್ರಾವರು 1941ರಲ್ಲಿ ಇದಕ್ಕೆ ಸಮಾಧಾನ ಹೇಳಿದ್ದರು: ಬಂಡಿ ಹೊಡೆಯುವವನಿಗೆ ಹುಚ್ಚು ಹಿಡಿದಾಗ ಅವನ ಕೈಯ ಲಗಾಮನ್ನು ಕಿತ್ತುಕೊಳ್ಳದಿರುವುದು ವಿಧೇಯತೆಯಲ್ಲ, ಕರ್ತವ್ಯಲೋಪ.

ಇದು ಉಂಡ ಮನೆಗೆ ಎರಡು ಬಗೆದಂತಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಬೊಕ್ಕಸದ ಅನ್ನವು ಆಳುವವನ ಅನ್ನವಲ್ಲ. ತೆರಿಗೆ ತೆತ್ತ ಜನರ ಅನ್ನ. ಋಣವಿದ್ದುದು ಅವರಿಗೆ. ಮೇಲಾಗಿ, ಎರಡು ಬಗೆಯುವುದೆಂದರೆ ಸಂಬಳವನ್ನು ತೆಗೆದುಕೊಳ್ಳುತ್ತ ಒಳಗೊಳಗೇ ದ್ರೋಹವೆಣಿಸುವುದು. ಇವರು ಬಹಿರಂಗವಾಗಿ ಎಲೆಯ ಮುಂದಿನಿಂದ ಎದ್ದುಹೋದರು.

ಹಾಗೆಂದು ಈ ವೃತ್ತಾಂತವನ್ನು ವಿಜಯಗಾಥೆಯಂತೆ ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಅದೇ ವರ್ಷದ ನವೆಂಬರಿನಲ್ಲಿ ಯೆಹೂದ್ಯರ ಹಿಂಸೆಯನ್ನು ಖಂಡಿಸಿ ಚರ್ಚಿನ ನಾಯಕರು ಇತರ ಪಂಗಡದವರೊಡಗೂಡಿ ಕ್ವಿಸ್ಲಿಂಗನಿಗೆ ಪತ್ರ ಬರೆದರು. ನವೆಂಬರ್ 26ರಂದು ಐದುನೂರಕ್ಕೂ ಮೇಲ್ಪಟ್ಟ ಯೆಹೂದ್ಯರನ್ನು ತುಂಬಿಕೊಂಡು ಡೋನೌ ಎಂಬ ಹಡಗು ಓಸ್ಲೋ ಬಂದರಿನಿಂದ ಹೊರಟೇಹೋಯಿತು. ಒಟ್ಟು ಏಳುನೂರಕ್ಕೂ ಹೆಚ್ಚು ಮಂದಿಯನ್ನು ಆ ದೇಶದಿಂದ ಸಾಗಿಸಿದರು. ಬದುಕಿ ಬಂದವರು ನಲವತ್ತಕ್ಕೂ ಕಡಿಮೆ. ತನ್ನ ಅಂತಃಕರಣವನ್ನು ಬಿಡಿಸಿಕೊಂಡವನು ಅನ್ಯರ ಪ್ರಾಣವನ್ನೂ ಬಿಡಿಸಲು ಶಕ್ತನಾಗುವನೆಂಬ ನಿಯಮವಿಲ್ಲ. ನೂರಾರು ವರ್ಷ ರಾಜ್ಯದ ನೆರಳಿನಲ್ಲಿದ್ದ ಪೀಠವು ಅನ್ಯಮತೀಯರ ಪರವಾಗಿ ಮೊದಲೇ ಮಾತನಾಡಲು ಕಲಿತಿರಬೇಕಾಗಿತ್ತು.

ಯುದ್ಧಾನಂತರ ಪಾದ್ರಿಗಳು ತಮ್ಮ ಹುದ್ದೆಗಳಿಗೆ ಮರಳಿದರು. ಹಳೆಯ ವ್ಯವಸ್ಥೆಯೇ ಬಹುಕಾಲ ಮುಂದುವರಿಯಿತು. 2012ರ ಮೇ ತಿಂಗಳಿನಲ್ಲಿ ಸಂವಿಧಾನವನ್ನು ತಿದ್ದಿ, ಲೂಥರನ ಮತವು ರಾಜ್ಯದ ಮತವೆಂಬ ಮಾತನ್ನು ತೆಗೆದರು. ಆ ಚರ್ಚು ಜನತೆಯ ಚರ್ಚಾಗಿ ಉಳಿದು ರಾಜ್ಯದ ನೆರವನ್ನು ಪಡೆಯತಕ್ಕದ್ದೆಂದೂ, ಇತರ ಮತಸಮುದಾಯಗಳಿಗೂ ಜೀವನದೃಷ್ಟಿಯ ಸಂಘಗಳಿಗೂ ಸಮಾನವಾಗಿ ನೆರವು ಸಲ್ಲತಕ್ಕದ್ದೆಂದೂ ಹೊಸ ವಿಧಿಯು ಹೇಳಿತು. 2017ರ ಜನವರಿ 1ರಿಂದ ಪಾದ್ರಿಗಳು ರಾಜ್ಯದ ನೌಕರರಾಗಿ ಉಳಿಯಲಿಲ್ಲ.

ಬಂಧವು ಸಡಿಲಿತು, ಬೊಕ್ಕಸದ ನೆರವು ಮಾತ್ರ ನಿಲ್ಲಲಿಲ್ಲ. ಆದುದರಿಂದ ಪ್ರಶ್ನೆಯು ಈಗ ಒಂದು ಚರ್ಚಿಗಲ್ಲದೆ ನೆರವು ಪಡೆಯುವ ಸಮುದಾಯಗಳೆಲ್ಲಕ್ಕೂ ಸೇರಿದುದಾಗಿದೆ. ನೆರವನ್ನು ಸ್ವೀಕರಿಸುವುದು ತಪ್ಪಲ್ಲ. ಅದಿಲ್ಲದೆ ಬಾಳಲಾರೆನೆಂಬ ಭಯವು ಮಾತ್ರ ಧರ್ಮಕ್ಕೆ ಸೆರೆಮನೆ. ರಾಜ್ಯಕ್ಕೂ ಇಲ್ಲಿ ಒಂದು ಪಾಠವುಂಟು: ಎಲ್ಲರಿಗೂ ಬಡಿಸುವ ಕೈಗೆ ಯಾರ ಬಾಯನ್ನೂ ಕಟ್ಟುವ ಅಧಿಕಾರವಿಲ್ಲ. 1942ರ ಈಸ್ಟರಿನಂದು ನಾರ್ವೆಯ ಪಾದ್ರಿಗಳು ಪೀಠದಿಂದಿಳಿದು ಮನೆಗೆ ಹೋದಾಗ ಮುಂದಿನ ತಿಂಗಳ ಊಟ ಎಲ್ಲಿಂದ ಬರುವುದೆಂಬುದು ಅವರಿಗೆ ತಿಳಿದಿರಲಿಲ್ಲ. ತಮ್ಮ ಋಣ ಯಾರಿಗೆಂಬುದು ತಿಳಿದಿತ್ತು.