ಅಂಗಡಿಯ ಬೀಗ, ಬಳೆಯ ಲೆಕ್ಕ

ಗಂಡ ಹೆಂಡತಿ ಬೇರೆಯಾಗುವ ಮಾತು ಶುರುವಾದರೆ ಅಕ್ಕಿಪೇಟೆಯಂಥ ವ್ಯಾಪಾರದ ಬೀದಿಯಲ್ಲಿ ಮಕ್ಕಳ ಚಿಂತೆಯ ಬೆನ್ನಿಗೇ ಅಂಗಡಿಯ ಚಿಂತೆ ಬರುತ್ತದೆ. ಈ ಭಯಕ್ಕೆ ಕಾರಣವಿದೆ. ಸಗಟು ವ್ಯಾಪಾರ ನಡೆಯುವುದು ಉದ್ರಿಯ ಮೇಲೆ, ಉದ್ರಿ ನಿಂತಿರುವುದು ಹೆಸರಿನ ಮೇಲೆ. ಮನೆಯ ಜಗಳ ಕೋರ್ಟಿಗೆ ಹೋಯಿತೆಂದು ಗೊತ್ತಾದರೆ ಮಾಲು ಕೊಡುವವನು ಕೈಗೆ ನಗದು ಕೇಳುತ್ತಾನೆ, ಬಾಕಿ ಕೊಡಬೇಕಾದವನು ನಾಳೆ ಬಾ ಅನ್ನುತ್ತಾನೆ, ಬ್ಯಾಂಕಿನವರು ಓವರ್‌ಡ್ರಾಫ್ಟ್ ಖಾತೆಯನ್ನು ಮತ್ತೊಮ್ಮೆ ನೋಡುತ್ತಾರೆ. ಅಂಗಡಿ ಮುಚ್ಚಿದರೆ ಗುಮಾಸ್ತನಿಗೂ ಹಮಾಲಿಗೂ ಕೂಳು ತಪ್ಪುತ್ತದೆ, ಹೆಂಡತಿಗೆ ಬರಬೇಕಾದ ಜೀವನಾಂಶದ ಮೂಲವೂ ಬತ್ತುತ್ತದೆ. ಆದ್ದರಿಂದ ಅಂಗಡಿಯನ್ನು ಕಾಯಬೇಕೆಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಂಗಡಿಯ ನಡೆ ಬೇರೆ, ಅಂಗಡಿಯ ಬೆಲೆ ಬೇರೆ. ನಡೆಯನ್ನು ಕಾಯುವುದು ನ್ಯಾಯ. ಬೆಲೆಯಲ್ಲಿ ಹೆಂಡತಿಗೆ ಸೇರಬೇಕಾದ್ದನ್ನು ಅದರ ಹಿಂದೆ ಬಚ್ಚಿಡುವುದು ಅನ್ಯಾಯ. ಇವೆರಡನ್ನೂ ಒಂದೇ ಬೀಗದ ಕೆಳಗೆ ಇಟ್ಟಿರುವುದರಿಂದಲೇ ನಮ್ಮ ವ್ಯಾಪಾರಿ ಮನೆತನಗಳು ಎರಡನ್ನೂ ಕಳೆದುಕೊಳ್ಳುತ್ತಿವೆ.

ಕಾನೂನಿನ ಸ್ಥಿತಿಯನ್ನು ಮೊದಲು ನೋಡೋಣ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯ ಗಂಡನ ಅಂಗಡಿಯನ್ನು ಅರ್ಧ ಮಾಡಿ ಹೆಂಡತಿಗೆ ಕೊಡುತ್ತದೆ ಅನ್ನುವುದು ಬರೀ ಗಾಳಿಮಾತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ದಾಂಪತ್ಯದ ಆಸ್ತಿ ಎಂಬ ಕಲ್ಪನೆಯೇ ಇಲ್ಲ. 24ನೇ ಕಲಮಿನಲ್ಲಿ ಮಧ್ಯಂತರ ಜೀವನಾಂಶ ಇದೆ, 25ರಲ್ಲಿ ಶಾಶ್ವತ ಜೀವನಾಂಶ ಇದೆ. 27ನೇ ಕಲಮು ಮದುವೆಯ ಸಮಯದಲ್ಲಿ ಬಂದು ಇಬ್ಬರಿಗೂ ಸೇರಿದ ವಸ್ತುಗಳಿಗಷ್ಟೇ ಸಂಬಂಧಿಸಿದ್ದು. ಯಾರ ಹೆಸರಿನಲ್ಲಿದೆಯೋ ಅವರದೇ ಆಸ್ತಿ. ನೆರೆಯ ಗೋವಾದಲ್ಲಿ ಹಾಗಲ್ಲ. ಅಲ್ಲಿ ಪೋರ್ಚುಗೀಸರ 1867ರ ಸಿವಿಲ್ ಸಂಹಿತೆಯಿಂದ ಬಂದ ಪದ್ಧತಿಯಂತೆ, ಮದುವೆಗೆ ಮುಂಚೆ ಬೇರೆ ಕರಾರು ಆಗಿಲ್ಲದಿದ್ದರೆ ಆಸ್ತಿ ಇಬ್ಬರದೂ ಆಗುತ್ತದೆ. ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದು ವಿಚ್ಛೇದನವಾದಾಗ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಭಾಗ ಕೊಡಿಸುವ ಮಸೂದೆಯನ್ನು ರಾಜ್ಯಸಭೆ 2013ರ ಆಗಸ್ಟಿನಲ್ಲಿ ಒಪ್ಪಿತ್ತು. ಲೋಕಸಭೆ ದಾಟದೆ ಅದು ಬಿದ್ದುಹೋಯಿತು. ಅಂದರೆ ಅಂಗಡಿಯ ಮಾಲೀಕನಿಗೆ ನಮ್ಮಲ್ಲಿ ರಕ್ಷಣೆ ಆಗಲೇ ಸಾಕಷ್ಟಿದೆ. ಇಲ್ಲದಿರುವುದು ಅಂಗಡಿಯೊಳಗೆ ತನ್ನದನ್ನು ಸುರಿದವಳಿಗೆ.

ಅವಳದು ಒಳಗೆ ಹೋಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮಳಿಗೆಗೆ ಅಡ್ವಾನ್ಸ್ ಕೊಡಬೇಕು, ಕೈಯಲ್ಲಿ ಹಣವಿಲ್ಲ. ಹೆಂಡತಿಯ ಬಳೆ, ಅವಲಕ್ಕಿ ಸರ ಬ್ಯಾಂಕಿಗೆ ಹೋಗುತ್ತವೆ. ಬಂದ ಸಾಲ ಗಂಡನ ಖಾತೆಗೆ ಜಮೆ, ಅಲ್ಲಿಂದ ಅಂಗಡಿಯ ಚಾಲ್ತಿ ಖಾತೆಗೆ. ವರ್ಷದ ಕೊನೆಯಲ್ಲಿ ಆಡಿಟರು ಅದನ್ನು ‘ಮಾಲೀಕರ ಬಂಡವಾಳ’ ಎಂಬ ಸಾಲಿಗೆ ಸೇರಿಸುತ್ತಾರೆ. ಆ ಒಂದು ನಮೂದಿನಲ್ಲಿ ಚಿನ್ನ ಕೈ ಬದಲಾಯಿಸುತ್ತದೆ. ಅದೇ ಹಣವನ್ನು ಹೆಂಡತಿಯ ಹೆಸರಿನಲ್ಲಿ ಕೈಸಾಲ ಎಂದು ಬರೆದಿದ್ದರೆ ಮುಂದೆ ಯಾರೂ ಸಾಕ್ಷಿ ಹುಡುಕುತ್ತ ಅಲೆಯಬೇಕಾಗಿರಲಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಚಿನ್ನವನ್ನು ಮಾರಿದ್ದರೆ, ಮಾರಿದ ದಿನದ ರೂಪಾಯಿಯನ್ನು ವಾಪಸು ಕೊಟ್ಟು ಋಣ ತೀರಿತು ಅನ್ನುವವರಿದ್ದಾರೆ. ಇಪ್ಪತ್ತು ವರ್ಷದಲ್ಲಿ ಚಿನ್ನ ಎಲ್ಲಿಗೆ ಹೋಗಿದೆ ಎಂಬುದನ್ನು ಪೇಟೆಯವರಿಗೆ ಹೇಳಿಕೊಡಬೇಕೇ? ಕೊಟ್ಟದ್ದು ಗ್ರಾಂ, ಲೆಕ್ಕವೂ ಗ್ರಾಮಿನಲ್ಲೇ ಇರಬೇಕು. ಇನ್ನು ದುಡಿಮೆ. ಕೆಳಗೆ ಮಳಿಗೆ, ಮೇಲೆ ಮನೆ ಇರುವ ಹಳೆಯ ಕಟ್ಟಡಗಳಲ್ಲಿ ಗಂಡ ಊಟಕ್ಕೆ ಎದ್ದಾಗ ಗಲ್ಲಾದ ಮುಂದೆ ಕೂರುವವಳು, ಬಾಕಿ ವಸೂಲಿಗೆ ಫೋನ್ ಮಾಡುವವಳು, ಆಳುಗಳಿಗೆ ಕಾಫಿ ಕಳಿಸುವವಳು ಯಾವ ಸಂಬಳದ ಪಟ್ಟಿಯಲ್ಲೂ ಇರುವುದಿಲ್ಲ. ಗೃಹಿಣಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಪಾಲೇ ಎಂದು ಮದ್ರಾಸ್ ಹೈಕೋರ್ಟ್ 2023ರ ಜೂನ್‌ನಲ್ಲಿ ಹೇಳಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಅದರ ತರ್ಕಕ್ಕೆ ಮಾತ್ರ ರಾಜ್ಯದ ಗಡಿಯಿಲ್ಲ.

ಇದು ಹೊರಗಿನಿಂದ ತಂದ ವಿಚಾರವೆಂದು ಯಾರೂ ಹೇಳಬಾರದು. ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ಬಸವಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಗಂಡ ತೆಗೆದುಕೊಂಡ ಸ್ತ್ರೀಧನವನ್ನು ಹಿಂದಿರುಗಿಸದೆ ಇರಬಹುದಾದ ಸಂದರ್ಭಗಳು ನಾಲ್ಕೇ: ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ. ಆ ಪಟ್ಟಿಯಲ್ಲಿ ವ್ಯಾಪಾರವಿಲ್ಲ. ಲಾಭದ ಆಸೆಗೆ ತೆಗೆದುಕೊಂಡದ್ದನ್ನು ಆಪತ್ತಿಗೆ ತೆಗೆದುಕೊಂಡದ್ದರ ಜೊತೆ ಸೇರಿಸಲು ಆ ಕಾಲದ ಶಾಸ್ತ್ರವೇ ಒಪ್ಪಲಿಲ್ಲ. ತಂದೆ ಆಸ್ತಿಯನ್ನು ಸಮನಾಗಿ ಹಂಚುವಾಗ ಸ್ತ್ರೀಧನ ಸಿಗದ ಹೆಂಡತಿಗೂ ಸಮಪಾಲು ಕೊಡಬೇಕೆಂಬ ಮಾತೂ ಅಲ್ಲೇ ಇದೆ. ದಕ್ಷಿಣದಲ್ಲಿ ಅದು ರೂಢಿ ತಪ್ಪಿಹೋಯಿತು. 1933ರ ಮೈಸೂರು ಕಾಯ್ದೆ ವಿಭಾಗದ ವೇಳೆ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು ಕೊಟ್ಟಾಗ ಪೇಟೆಯ ಮನೆಗಳೂ ಅದರ ವ್ಯಾಪ್ತಿಗೆ ಬಂದವು. ಆದರೆ ಗಂಡ ಬದುಕಿದ್ದೇ ಬೇರೆಯಾದ ಹೆಂಡತಿಗೆ ಅದರಿಂದ ಏನೂ ದಕ್ಕಲಿಲ್ಲ. ಆ ತೂತು ಇನ್ನೂ ಹಾಗೇ ಇದೆ. ಸ್ತ್ರೀಧನ ಹೆಂಡತಿಯ ಸಂಪೂರ್ಣ ಸ್ವತ್ತು, ಅದು ಗಂಡನ ಕೈಯಲ್ಲಿದ್ದರೆ ನಂಬಿ ಒಪ್ಪಿಸಿದ ಒಡವೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಸ್ಪಷ್ಟಪಡಿಸಿದ್ದೊಂದೇ ಅವಳ ಕೈಗಿರುವ ಗಟ್ಟಿ ಆಧಾರ.

ಹಾಗಾದರೆ ಅಂಗಡಿಯನ್ನು ಒಡೆಯದೆ ಅವಳದನ್ನು ಕೊಡುವುದು ಹೇಗೆ? ದಾರಿ ವ್ಯಾಪಾರಿಗಳ ಕಾನೂನಿನಲ್ಲೇ ಇದೆ. 1932ರ ಪಾಲುದಾರಿಕೆ ಕಾಯ್ದೆಯ 29ನೇ ಕಲಮಿನಂತೆ ಒಬ್ಬ ಪಾಲುದಾರನ ಹಿತಾಸಕ್ತಿ ಹೊರಗಿನವರಿಗೆ ಹೋದರೂ, ಸಂಸ್ಥೆ ನಡೆಯುತ್ತಿರುವಷ್ಟು ಕಾಲ ಅವರು ವ್ಯವಹಾರದಲ್ಲಿ ಕೈಹಾಕುವಂತಿಲ್ಲ, ಪುಸ್ತಕ ತೆರೆಸುವಂತಿಲ್ಲ. ಲಾಭದ ಭಾಗವನ್ನು ಮಾತ್ರ ಪಡೆಯಬಹುದು. ಒಬ್ಬ ಪಾಲುದಾರನ ಖಾಸಗಿ ಋಣಕ್ಕೆ ಇಡೀ ಸಂಸ್ಥೆಯ ಮಾಲನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಬಿಡುವುದಿಲ್ಲ, ಅವನ ಪಾಲಿನ ಮೇಲಷ್ಟೇ ಹೊಣೆ ಹೊರಿಸುತ್ತದೆ. ನಡೆಸುವ ಹಕ್ಕು ಒಬ್ಬರಲ್ಲಿದ್ದು ಬೆಲೆಯ ಹಕ್ಕು ಇನ್ನೊಬ್ಬರಲ್ಲಿರುವುದನ್ನು ಸಾಲ ಕೊಟ್ಟವನ ವಿಷಯದಲ್ಲಿ ತಲೆಮಾರುಗಳಿಂದ ಒಪ್ಪಿಕೊಂಡ ಪೇಟೆ, ಹೆಂಡತಿಯ ವಿಷಯ ಬಂದಾಗ ಒಪ್ಪದಿರಲು ಕಾರಣವೇ ಇಲ್ಲ. ಬೀಗದ ಕೈ ಅವನಲ್ಲೇ ಇರಲಿ, ಕಂತು ಅವಳಿಗೆ ಬರಲಿ. ಅಂಥ ಜೀವನಾಂಶಕ್ಕೆ ಸ್ಥಿರಾಸ್ತಿಯ ಮೇಲೆ ಹೊಣೆ ಹೊರಿಸುವ ಅಧಿಕಾರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲೇ ಇದೆ.

ಇದಕ್ಕೆ ಎದುರು ಹೇಳುವವರ ಮಾತಿನಲ್ಲಿ ತೂಕವಿದೆ. ಅಂಗಡಿ ಒಬ್ಬನದಲ್ಲ, ಅಣ್ಣ ತಮ್ಮಂದಿರದು ಅನ್ನುತ್ತಾರೆ. ಸರಿ, ಅವರ ಪಾಲನ್ನು ಯಾರೂ ಮುಟ್ಟಬಾರದು. ಲೆಕ್ಕ ಆಗಬೇಕಾದ್ದು ಗಂಡನ ಪಾಲಿನೊಳಗೆ ಮಾತ್ರ. ಲಾಭದಲ್ಲಿ ಭಾಗ ಕೇಳುವವಳು ನಷ್ಟವನ್ನೂ ಹೊರಲಿ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಸಾಲ ಕಳೆದು ಉಳಿದ ಬೆಲೆಯಲ್ಲಷ್ಟೇ ಭಾಗ ಎಂದರೆ ನಷ್ಟದ ಹೊರೆಯೂ ಹಂಚಿಕೆಯಾಗುತ್ತದೆ. ಅದನ್ನು ಒಪ್ಪಲೇಬೇಕು. ಆದರೆ ಅಡವಿಟ್ಟ ಚಿನ್ನ ಬೇರೆ; ಅದು ಸಾಲ, ವ್ಯಾಪಾರ ಸೋತರೂ ತೀರಿಸಬೇಕಾದ್ದು. ಗುಡ್‌ವಿಲ್ಲಿಗೆ ಬೆಲೆ ಕಟ್ಟುವುದು ಹೇಗೆ ಎಂಬ ಮಾತು ಮಾತ್ರ ನನ್ನನ್ನು ಒಪ್ಪಿಸಿಲ್ಲ. ಮಳಿಗೆ ಕೈಬದಲಾಗುವಾಗ, ಒಬ್ಬ ಪಾಲುದಾರ ಹೊರಹೋಗುವಾಗ ಪೇಟೆ ಬೆಲೆ ಕಟ್ಟಿಯೇ ಕಟ್ಟುತ್ತದೆ. ಹೆಂಗಸರ ಉದ್ಯಮಕ್ಕೂ ಈ ತತ್ವ ಅನ್ವಯಿಸಬೇಕು. 24, 25ನೇ ಕಲಮುಗಳಡಿ ಗಂಡನೂ ಅರ್ಜಿ ಹಾಕಬಹುದು. ಹೆಂಡತಿ ಬೆಳೆಸಿದ ಕೇಟರಿಂಗ್ ವ್ಯವಹಾರಕ್ಕೆ ಅವನ ಹಣ ಹೋಗಿದ್ದರೆ ಅದಕ್ಕೂ ಲೆಕ್ಕ ಇರಲಿ.

ತಮ್ಮನ ಹೆಸರಿಗೆ ಬರೆದುಕೊಡುವುದು, ವರಮಾನ ಇಳಿಸಿ ತೋರಿಸುವುದು, ಸ್ಟಾಕನ್ನು ಬೇರೆ ಗೋದಾಮಿಗೆ ಸಾಗಿಸುವುದು ಜಾಣತನವೆಂದು ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನ ನಂತರ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಅಲ್ಲಿ ಬಡವನಾಗಿ, ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಶ್ರೀಮಂತನಾಗಿ ಕಾಣಿಸಿಕೊಂಡವನು ಎರಡೂ ಕಡೆ ಸಿಕ್ಕಿಬೀಳುತ್ತಾನೆ. ಆಮೇಲೆ ಅವನ ನಿಜವಾದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ, ಮತ್ತು ನಂಬಿಕೆ ಹೋದ ಸಗಟು ವ್ಯಾಪಾರಿಯ ಬಳಿ ಉಳಿಯುವುದು ಖಾಲಿ ಮಳಿಗೆ.

ಇದಕ್ಕೆಲ್ಲ ಹೊಸ ಕಾಯ್ದೆ ಬರಲಿ ಎಂದು ಕಾಯಬೇಕಾಗಿಲ್ಲ, ಸಂಸಾರ ಮುರಿಯಲಿ ಎಂದೂ ಕಾಯಬೇಕಾಗಿಲ್ಲ. ಬರುವ ಏಪ್ರಿಲ್ 1ಕ್ಕೆ ಹೊಸ ಲೆಕ್ಕ ತೆರೆಯುವಾಗ, ಮನೆಯಾಕೆಯ ಚಿನ್ನ ಎಷ್ಟು ಗ್ರಾಂ ಅಂಗಡಿಗೆ ಬಂದಿದೆ, ಅವಳ ತವರಿನ ಹಣ ಎಷ್ಟು ಸೇರಿದೆ ಎಂದು ಅವಳ ಹೆಸರಿನಲ್ಲೇ ಬರೆಸಿ. ಪಾಲುದಾರಿಕೆ ಪತ್ರದಲ್ಲಿ ಸಹಿಗಷ್ಟೇ ಅವಳನ್ನು ಸೇರಿಸಿದ್ದರೆ, ಆ ಪಾಲಿನ ಲಾಭ ಅವಳ ಖಾತೆಗೇ ಹೋಗಲಿ. ಆಡಿಟರು ಯಾಕೆ ಎಂದು ಕೇಳಿದರೆ, ಅದು ಅವಳದು ಎಂದು ಹೇಳಿ.