ಹನ್ನೊಂದನೆಯ ಮೆಟ್ಟಿಲು

ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿದರೆ ಮೂರು ವರ್ಷದ ಓದು. ಪಿಯುಸಿ ವಿಜ್ಞಾನವನ್ನೋ ಎರಡು ವರ್ಷದ ಐಟಿಐಯನ್ನೋ ಮುಗಿಸಿ ಬಂದವರಿಗೆ ಎರಡೇ. ಅವರು ನೇರವಾಗಿ ಮೂರನೆಯ ಸೆಮಿಸ್ಟರ್‌ಗೆ ಸೇರಬಹುದು. ಕರ್ನಾಟಕದ ಪಾಲಿಟೆಕ್ನಿಕ್‌ಗಳಲ್ಲಿ ಇದಕ್ಕೆ 'ಲ್ಯಾಟರಲ್ ಎಂಟ್ರಿ' ಎಂದು ಹೆಸರು. ಅಮೆರಿಕದ ಕನ್ನಡ ಮನೆಗಳಲ್ಲಿ ಇಂಥದ್ದೇ ಲೆಕ್ಕಾಚಾರ 'ಎಪಿ'ಯದು: ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಕೆಲವು ಕಾಲೇಜುಗಳು 3 ಬಂದರೂ ಕ್ರೆಡಿಟ್ ಕೊಡುತ್ತವೆ, ಕೆಲವು 5 ಕೇಳುತ್ತವೆ. ಭಾರತದಲ್ಲಿ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಕಲಿಕೆಯನ್ನೂ ಇದೇ ಲೆಕ್ಕದೊಳಗೆ ತಂದಿದೆ: 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40.

ಮೆಟ್ಟಿಲೊಂದನ್ನು ದಾಟಿ ಮುಂದಿನದಕ್ಕೆ ಹೋಗಲು ಯಾರು ಅರ್ಹರು? ಗಂಟೆ ಎಣಿಸಿದರೆ ಗೊತ್ತಾಗುತ್ತದೆಯೆ?

ಈ ಪ್ರಶ್ನೆಗೆ ಉತ್ತರ ಹುಡುಕಿದ ದರ್ಶನವೊಂದು ಗದಗ ಜಿಲ್ಲೆಯ ನರೇಗಲ್‌ನಲ್ಲಿ ಸಾವಿರ ವರ್ಷದ ಹಿಂದೆಯೇ ಬೇರೂರಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಇಲ್ಲಿ ಬಸದಿ ಕಟ್ಟಿಸಿದಳು. ಅದರ ದಾನಶಾಲೆಗೆ ಕೆರೆಯೊಂದನ್ನು ಬಿಟ್ಟುಕೊಟ್ಟದ್ದನ್ನು ಕ್ರಿ.ಶ. 950ರ ಶಾಸನ ಹೇಳುತ್ತದೆ.

ಜೈನರ ಪ್ರಕಾರ ಆತ್ಮದ ಏರುದಾರಿಗೆ ಹದಿನಾಲ್ಕು ಮೆಟ್ಟಿಲು, ಅವೇ ಗುಣಸ್ಥಾನಗಳು. ಎಂಟನೆಯದರಿಂದ ದಾರಿ ಎರಡಾಗಿ ಕವಲೊಡೆಯುತ್ತದೆ. ಮೋಹವನ್ನು ಅದುಮಿಟ್ಟು ಏರುವವನದು ಉಪಶಮ ಶ್ರೇಣಿ. ಅವನು ಹನ್ನೊಂದನೆಯ ಮೆಟ್ಟಿಲು ಮುಟ್ಟುತ್ತಾನೆ. ಆದರೆ ಅಲ್ಲಿ ನಿಲ್ಲುವುದು ಒಂದು ಅಂತರ್ಮುಹೂರ್ತ ಮಾತ್ರ, ಅಂದರೆ 48 ನಿಮಿಷದೊಳಗೆ. ಆಮೇಲೆ ಕೆಳಗಿಳಿಯಲೇಬೇಕು. ತಳದಲ್ಲಿ ಕೆಸರು ಕೂತ ನೀರಿನಂತೆ ಅವನ ತಿಳಿ, ಕದಡಿದರೆ ಮತ್ತೆ ರಾಡಿ. ಮೋಹವನ್ನು ಬೇರುಸಹಿತ ಕ್ಷಯ ಮಾಡುತ್ತ ಬಂದವನದು ಕ್ಷಪಕ ಶ್ರೇಣಿ. ಅವನು ಹತ್ತರಿಂದ ನೇರ ಹನ್ನೆರಡಕ್ಕೆ ಹೋಗುತ್ತಾನೆ. ಹನ್ನೊಂದನೆಯದನ್ನು ಅವನು ತುಳಿಯುವುದೇ ಇಲ್ಲ.

ಮೆಟ್ಟಿಲು ಬಿಡುವುದು ಇಲ್ಲಿ ರಿಯಾಯಿತಿಯಲ್ಲ, ಶಾರ್ಟ್‌ಕಟ್ಟೂ ಅಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದವನೂ ಲೆಕ್ಕದ ಮರ್ಮ ಹಿಡಿದವನೂ ಒಂದೇ ಅಂಕ ತರಬಹುದು. ಅಜ್ಞಾನವನ್ನು ಒಬ್ಬ ಅದುಮಿಟ್ಟಿದ್ದಾನೆ, ಇನ್ನೊಬ್ಬ ಕಳೆದುಕೊಂಡಿದ್ದಾನೆ.

ಹಾಗಾದರೆ ಹೊರಗಿನವರಿಗೆ ಇದು ತಿಳಿಯುವುದು ಹೇಗೆ? ಜೈನರಿಗೆ ಇದು ಆತ್ಮದೊಳಗಿನ ಸಂಗತಿ. ಶರಣರಲ್ಲಿ ಮಾತ್ರ ಕೇಳಿ ನೋಡುವ ಪರಿಪಾಠವಿತ್ತು. ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪ್ರಶ್ನಿಸುವ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಎಷ್ಟು ವರ್ಷ ಸಾಧನೆ ಮಾಡಿದೆ ಎಂಬುದಲ್ಲ ಅವನ ಪ್ರಶ್ನೆ. ಬಟ್ಟೆ ಬಿಟ್ಟ ಮೇಲೂ ಕೂದಲಲ್ಲಿ ಮೈ ಮರೆಸಿಕೊಂಡದ್ದೇಕೆ ಎಂದು ಕೆಣಕುತ್ತಾನೆ. ಕಾಮ ಅಡಗಿದೆಯೋ ಅಳಿದಿದೆಯೋ ಎಂಬುದೇ ಅವನ ತನಿಖೆ. ಅವಳ ಉತ್ತರಗಳನ್ನು ಕೇಳಿದ ಮೇಲೆಯೇ ಶರಣರ ಮನ್ನಣೆ.

ಗಂಟೆ ಲೆಕ್ಕದ ಕ್ರೆಡಿಟ್‌ಗೂ ಒಂದು ನ್ಯಾಯವಿದೆ. ರೋಣದಲ್ಲಿ ಐಟಿಐ ಕಲಿತವನ ದುಡಿಮೆ ಊರು ಬದಲಿಸಿದರೂ ದಾಖಲೆಯಲ್ಲಿ ಉಳಿಯುತ್ತದೆ, ಸಂದರ್ಶಕರ ಮರ್ಜಿಗೆ ಬೀಳುವುದಿಲ್ಲ. ಆದರೆ ಲೇತ್ ಮೇಲೆ ಕೈ ಪಳಗಿದ ಹುಡುಗ ಮೂರನೆಯ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ ಎದುರು ತಡವರಿಸಿದರೆ, ಅವನು ಬಿಟ್ಟುಬಂದ ಒಂದು ವರ್ಷದಲ್ಲಿ ಬೇಕಿದ್ದುದೇನು ಎಂದು ಅವನನ್ನೇ ಕೂರಿಸಿಕೊಂಡು ಕೇಳುವ ಕೆಲಸ ಮೇಷ್ಟ್ರಿಗೆ ಉಳಿದೇ ಇರುತ್ತದೆ. ಅಮೆರಿಕದ ಕೆಲವು ಕಾಲೇಜುಗಳು ಎಪಿ ಅಂಕ ಕೈಯಲ್ಲಿದ್ದರೂ ಗಣಿತಕ್ಕೆ ತಮ್ಮದೇ ಪರೀಕ್ಷೆ ಇಟ್ಟು, ಆಮೇಲೆ ತರಗತಿ ಯಾವುದೆಂದು ಗೊತ್ತುಮಾಡುತ್ತವೆ.